ಕಬ್ಬಿನ ಹಾಲಿನ ಯಂತ್ರದ ಗೇರು, ತಾಮ್ರದ ವೈರು: ನನ್ನ ಅನುಭವ

ಮಂಡ್ಯದಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ನನ್ನ ರೀವೈಂಡಿಂಗ್ ಅಂಗಡಿಯಲ್ಲಿ ಈಗ ತಾಮ್ರ ತೆಗೆಯಲು ವೈರ್ ಸುಡುವುದಿಲ್ಲ. ಹಳೆಯ ಮನೆಗಳಿಂದ ಬಿಚ್ಚಿದ ವೈರಿಂಗ್, ಕೊಳವೆ ಬಾವಿಯಿಂದ ಮೇಲೆತ್ತಿದ ಪಂಪಿನ ಚಪ್ಪಟೆ ಕೇಬಲ್, ಪ್ಯಾನೆಲ್ ಬೋರ್ಡಿನ ದಪ್ಪ ವೈರ್ ಎಲ್ಲವೂ ನಾನೇ ಕಟ್ಟಿದ ಯಂತ್ರದಲ್ಲಿ ಸಿಪ್ಪೆ ಬಿಡುತ್ತವೆ. ಹೊಳಪು ಮಾಸದ ತಾಮ್ರ ಒಂದು ಚೀಲಕ್ಕೆ, ಸಿಪ್ಪೆಯ ಪಿವಿಸಿ ಪ್ಲಾಸ್ಟಿಕ್ ಇನ್ನೊಂದು ಚೀಲಕ್ಕೆ. ಇದು ಆಗುವ ಕೆಲಸವಲ್ಲ ಎಂದವರೇ ಹೆಚ್ಚು. "ಗೇರಿಗೂ ಲೇಥಿಗೂ ಸುರಿಯುವ ದುಡ್ಡಿಗೆ ಹೊಸ ಯಂತ್ರವೇ ಬರುತ್ತದೆ ಸ್ವಾಮಿ" ಎಂದು ಲೇಥ್ (ಲೋಹ ಕಡೆಯುವ ಯಂತ್ರ) ಮೇಸ್ತ್ರಿ ಹೇಳಿದ್ದರು. ಗುಜರಿ ಅಂಗಡಿಯ ಯಜಮಾನರು ನಾನು ಕೊಟ್ಟ ತಾಮ್ರವನ್ನು ಮುರಿದು ನೋಡಿ, ತೂಗಿ, ಒಂದೇ ಮಾತಿಲ್ಲದೆ ಮೊದಲ ದರ್ಜೆಯ ಬೆಲೆ ಕೊಟ್ಟ ದಿನ ನನ್ನ ಮಟ್ಟಿಗೆ ಆ ಚರ್ಚೆ ಮುಗಿಯಿತು.

ಸುಡುವುದು ಸುಲಭ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಕತ್ತಲಾದ ನಂತರ ವೈರ್ ರಾಶಿ ಹಾಕಿ ಬೆಂಕಿ ಕೊಡುವುದನ್ನು ಎಷ್ಟೋ ವರ್ಷ ನೋಡಿದ್ದೇನೆ. ಪಿವಿಸಿ ಉರಿದಾಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಅದು ನೀರಿನ ತೇವ ಸಿಕ್ಕರೆ ಆಮ್ಲವಾಗುತ್ತದೆ. ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಆ ಹೊಗೆ ಗದ್ದೆ ಬಯಲಿನಲ್ಲಿ ಕೆಳಗೇ ತೂಗಾಡುತ್ತದೆ. ಆರೋಗ್ಯದ ಮಾತಿಗೆ ಕಿವಿಗೊಡದವರಿಗೆ ಲೆಕ್ಕ ಹೇಳುತ್ತೇನೆ: ಸುಟ್ಟ ತಾಮ್ರ ಕಪ್ಪಾಗಿ, ಸಣ್ಣ ಎಳೆಗಳು ಪುಡಿಯಾಗಿ, ಕಿಲೋಗೆ ನಲವತ್ತು ಐವತ್ತು ರೂಪಾಯಿ ಕಡಿಮೆಗೆ ಹೋಗುತ್ತಿತ್ತು. ಸಿಪ್ಪೆ ಸಮೇತ ಮಾರಿದರೆ ಇನ್ನೂ ನಷ್ಟ. ನಾನು ಯಂತ್ರಕ್ಕೆ ಕೈ ಹಾಕಿದ ಕಾಲದಲ್ಲಿ ಹೊಳೆಯುವ ತಾಮ್ರ ಕಿಲೋಗೆ 750ರ ಆಸುಪಾಸು ಇತ್ತು, ಸಿಪ್ಪೆಯಿರುವ ಮನೆ ವೈರಿಗೆ 400 ಸಿಕ್ಕರೆ ಹೆಚ್ಚು. ಎರಡೂವರೆ ಚದರ ಮಿಲಿಮೀಟರ್ (ತಾಮ್ರದ ಅಡ್ಡಕೊಯ್ತದ ಅಳತೆ) ವೈರಿನ ತೂಕದಲ್ಲಿ ಮೂರನೆಯ ಎರಡು ಭಾಗಕ್ಕೂ ತುಸು ಹೆಚ್ಚು ತಾಮ್ರವೇ. ಆ ದರದಲ್ಲಿ ನೂರು ಕಿಲೋ ವೈರ್ ಸುಲಿದರೆ ಹತ್ತು ಸಾವಿರಕ್ಕೂ ಮೇಲೆ ಉಳಿಯುತ್ತಿತ್ತು. ಆ ಹತ್ತು ಸಾವಿರವನ್ನು ಇಷ್ಟು ವರ್ಷ ಗುಜರಿಯವರಿಗೆ ಬಿಟ್ಟುಕೊಟ್ಟಿದ್ದೆವು.

ಮೊದಲು ಕಟ್ಟಿದ್ದು ಎಲ್ಲರೂ ಕಟ್ಟುವಂಥದ್ದೇ. ಒಂದು ಹಲಗೆ, ಅದರ ಮೇಲೆ ಓರೆಯಾಗಿ ಕೂರಿಸಿದ ಬ್ಲೇಡ್, ಎಳೆಯಲು ಕೈ ಡ್ರಿಲ್. ವೈರ್ ಹೊಸದಾಗಿ, ನೇರವಾಗಿ ಇದ್ದರೆ ಅದು ಚೆನ್ನಾಗಿಯೇ ಸೀಳುತ್ತದೆ. ಗುಜರಿಗೆ ಬರುವ ವೈರ್ ಹಾಗಿರುವುದಿಲ್ಲ. ಗೋಡೆಯೊಳಗಿನ ಪೈಪಿನಿಂದ ಕಿತ್ತದ್ದು, ಸ್ವಿಚ್ ಬೋರ್ಡಿನ ಹತ್ತಿರ ಮಡಿಸಿದ್ದು, ಎಲ್ಲೆಲ್ಲೂ ಸೊಟ್ಟ. ಸೊಟ್ಟ ಬಂದ ಕಡೆ ಬ್ಲೇಡ್ ತಾಮ್ರಕ್ಕೇ ಇಳಿಯುತ್ತದೆ, ಇಲ್ಲವೇ ಮೇಲೆದ್ದು ಸಿಪ್ಪೆಯನ್ನು ಮುಟ್ಟುವುದೇ ಇಲ್ಲ. ಡ್ರಿಲ್ ಬಿಸಿಯಾಗಿ ಅದರೊಳಗೆ ತಿರುಗುವ ಸುರುಳಿ, ಅಂದರೆ ಆರ್ಮೇಚರ್, ಸುಟ್ಟಿತು. ರೀವೈಂಡಿಂಗ್ ನನ್ನದೇ ಕಸುಬಾದ್ದರಿಂದ ಅದಕ್ಕೆ ದುಡ್ಡು ಹೋಗಲಿಲ್ಲ, ಹೊತ್ತು ಹೋಯಿತು.

ಆಮೇಲೆ ಎರಡು ರೋಲರ್‌ಗಳ ಯಂತ್ರ. ಅರ್ಧ ಎಚ್‌ಪಿ ಮೋಟಾರ್, ನಿಮಿಷಕ್ಕೆ 1440 ಸುತ್ತಿನದು. ಮೋಟಾರಿಗೆ ಎರಡು ಇಂಚಿನ ಪುಲ್ಲಿ, ರೋಲರಿಗೆ ಹನ್ನೆರಡು ಇಂಚಿನದು. ಲೆಕ್ಕಕ್ಕೆ ರೋಲರ್ ನಿಮಿಷಕ್ಕೆ 240 ಸುತ್ತು, ವೈರ್ ನಿಮಿಷಕ್ಕೆ ನಲವತ್ತೈದು ಮೀಟರ್ ಓಡಬೇಕು. ಓಡಿತು, ಆದರೆ ಹಿಂದೆ ನಿಂತು ವೈರ್ ಕೊಡುವವನ ಕೈಗೆ ಬಾಲ ಚಾವಟಿಯಂತೆ ಬಡಿಯುತ್ತಿತ್ತು. ದಪ್ಪ ಕೇಬಲ್ ಕೊಟ್ಟ ತಕ್ಷಣ ಬೆಲ್ಟ್ ಜಾರಿ ರೋಲರ್ ನಿಂತುಬಿಡುತ್ತಿತ್ತು. ವೇಗ ಬೇಡ, ಬಲ ಬೇಕು ಎಂಬುದು ಇಲ್ಲಿ ಖಚಿತವಾಯಿತು. ವೇಗ ಇಳಿಸಿ ಬಲ ಹೆಚ್ಚಿಸಲು ವರ್ಮ್ ಗೇರ್‌ಬಾಕ್ಸ್ ಇದೆ. ಹೊಸದರ ಬೆಲೆ ಕೇಳಿದೆ, ಐದು ಸಾವಿರದ ಮೇಲೆ ಹೇಳಿದರು, ವಾಪಸ್ಸು ಬಂದೆ.

ಗೇರ್ ಸಿಕ್ಕಿದ್ದು ಹೆದ್ದಾರಿಯ ದೆಸೆಯಿಂದ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ, ಬೈಪಾಸ್‌ಗಳಲ್ಲಿ ವಾಹನಗಳು ಓಡಲು ತೊಡಗಿದ ಮೇಲೆ ಹಳೆಯ ರಸ್ತೆಯ ಬದಿಯ ವ್ಯಾಪಾರ ಎಷ್ಟು ಕುಸಿಯಿತೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಕಬ್ಬಿನ ಹಾಲು ಮಾರುತ್ತಿದ್ದವರೊಬ್ಬರು ಅಂಗಡಿ ಮುಚ್ಚಿ ಯಂತ್ರವನ್ನು ಗುಜರಿಗೆ ಹಾಕಿದ್ದರು. ಬೀಡು ಕಬ್ಬಿಣದ ದೊಡ್ಡ ಗೇರು, ಅದನ್ನು ತಿರುಗಿಸುವ ಸಣ್ಣ ಗೇರು (ಪಿನಿಯನ್), ಹಲ್ಲುಗಳು ಇನ್ನೂ ಗಟ್ಟಿ, ಅನುಪಾತ ಐದಕ್ಕೆ ಒಂದರಷ್ಟು. ಕಬ್ಬನ್ನೇ ಹಿಂಡಿ ಹಿಪ್ಪೆ ಮಾಡಿದ ಗೇರಿಗೆ ವೈರ್ ಯಾವ ಲೆಕ್ಕ! ಎರಡೂವರೆ ಸಾವಿರಕ್ಕೆ ಇಡೀ ಯಂತ್ರ ತಂದೆ, ರೋಲರ್‌ಗಳನ್ನು ಬಿಚ್ಚಿ ಅದೇ ಗುಜರಿಗೆ ಮಾರಿ ಸುಮಾರು ಎಂಟುನೂರು ವಾಪಸ್ಸು ಪಡೆದೆ. ಬೆಲ್ಟಿನಲ್ಲಿ ಒಂದಷ್ಟು, ಗೇರಿನಲ್ಲಿ ಒಂದಷ್ಟು ಇಳಿಸಿ ರೋಲರ್ ಈಗ ನಿಮಿಷಕ್ಕೆ 60 ಸುತ್ತು ತಿರುಗುತ್ತದೆ. ರೋಲರಿನ ವ್ಯಾಸ 60 ಮಿಲಿಮೀಟರ್, ಹಾಗಾಗಿ ವೈರ್ ನಿಮಿಷಕ್ಕೆ ಹನ್ನೊಂದು ಮೀಟರ್ ಸರಿಯುತ್ತದೆ. ಇದಕ್ಕಿಂತ ವೇಗ ಬೇಡವೇ ಬೇಡ.

ವೈರ್ ಎಳೆಯುವ ಕೆಳಗಿನ ರೋಲರನ್ನು (ಬ್ಲೇಡ್ ಇದರ ಮೇಲೆ ಬರುತ್ತದೆ) ಮೈಸೂರಿನ ಬನ್ನಿಮಂಟಪದ ಕಡೆಯ ಲೇಥಿನಲ್ಲಿ ಇಎನ್-8 ಉಕ್ಕಿನ ರಾಡಿನಿಂದ ಕಡೆಸಿದೆ. ಮೊದಲು ಡೈಮಂಡ್ ನರ್ಲಿಂಗ್ (ಹಿಡಿತಕ್ಕಾಗಿ ಮೈಮೇಲೆ ಒತ್ತುವ ವಜ್ರಾಕಾರದ ಗೆರೆಗಳು) ಹಾಕಿಸಿದ್ದು ಅರ್ಧ ದಿನವೂ ನಿಲ್ಲಲಿಲ್ಲ. ಸಣ್ಣ ಗುಂಡಿಗಳಲ್ಲಿ ಪಿವಿಸಿ ತುಂಬಿಕೊಂಡು ರೋಲರ್ ನುಣ್ಣಗಾಗಿ ಜಾರತೊಡಗಿತು. ಅದನ್ನು ತೆಗೆಸಿ, ಸಣ್ಣದು ಮಧ್ಯಮ ದೊಡ್ಡದು ಎಂದು ವೈರ್ ಕೂರಲು ಮೂರು ವಿ ಆಕಾರದ ಗ್ರೂವ್ (ತೋಡು) ಹಾಕಿಸಿದೆ. ಗ್ರೂವಿನ ಇಳಿಜಾರಿನ ಮೇಲೆ ಅಡ್ಡಡ್ಡ ಗೆರೆಗಳನ್ನು ತ್ರಿಕೋನದ ಅರದಿಂದ ನಾನೇ ಕೂತು ಕೊರೆದೆ. ಎರಡು ಸಂಜೆಯ ಕೆಲಸ, ಬೆರಳು ಊದಿಕೊಂಡಿತು. ಅಂದಿನಿಂದ ಒಂದು ವೈರೂ ಜಾರಿಲ್ಲ.

ಬ್ಲೇಡಿಗೆ ಖರ್ಚಾದಷ್ಟು ತಲೆ ಬೇರೆ ಯಾವುದಕ್ಕೂ ಖರ್ಚಾಗಲಿಲ್ಲ. ಸವೆದ 6204 ನಂಬರಿನ ಬೇರಿಂಗಿನ ಹೊರ ಉಂಗುರವನ್ನೇ ಚೂಪು ಮಾಡಿದರೆ ಗಟ್ಟಿ ಉಕ್ಕು, ತಾನೇ ತಿರುಗುವ ಬ್ಲೇಡ್, ದುಡ್ಡಿಲ್ಲ ಎಂಬ ಯೋಚನೆ ಆಕರ್ಷಕವಾಗಿತ್ತು. ಆದರೆ ಆ ಉಂಗುರದ ಅಗಲ 14 ಮಿಲಿಮೀಟರ್, ಗುಂಡುಗಳ ಮೇಲಿನ ದಪ್ಪ ಮೂರು ಮಿಲಿಮೀಟರೂ ಇಲ್ಲ. ಎಷ್ಟು ಅರೆದರೂ ಅಂಚು ಮೊಂಡಾಗಿಯೇ ಇರುತ್ತದೆ, ಸಿಪ್ಪೆಯನ್ನು ಸೀಳುವ ಬದಲು ಜಜ್ಜುತ್ತದೆ. ಮೇವು ಕತ್ತರಿಸುವ ಯಂತ್ರದ ಬ್ಲೇಡಿನಿಂದ ದುಂಡು ತುಂಡು ಕೊಯ್ದು ನೋಡಿದೆ. ಕೊಯ್ಯುವಾಗಲೇ ಕಾದು ಹದ ಹೋಯಿತು. ಕೊನೆಗೆ ಕೈ ಹಿಡಿದದ್ದು ಹಲ್ಲು ಸವೆದು ಮೂಲೆಗೆ ಬಿದ್ದಿದ್ದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಸ್ಲಿಟಿಂಗ್ ಕಟರ್, ಅಂದರೆ ಲೋಹ ಸೀಳುವ ತೆಳು ಚಕ್ರ. ಎರಡು ಮಿಲಿಮೀಟರ್ ದಪ್ಪದ್ದು. ಹಲ್ಲುಗಳನ್ನು ಪೂರ್ತಿ ಅರೆಸಿ ದುಂಡಗೆ ಮಾಡಿ ಅಂಚು ಕೊಡಿಸಿದೆ. ಎಚ್‌ಎಸ್‌ಎಸ್ ಆದ್ದರಿಂದ ಅರೆಯುವ ಬಿಸಿಗೆ ಹದ ಕೆಡಲಿಲ್ಲ. ಅಂಚಿನ ಕೋನ ಎಷ್ಟು, ಎರಡು ಬದಿಗೂ ಸಮವೇ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಮೂರು ಕಟರ್ ಹಾಳಾಗಿವೆ, ಅಷ್ಟು ನನ್ನ ಬಳಿಯೇ ಇರಲಿ.

ಬ್ಲೇಡನ್ನು ಬೋಲ್ಟಿನಿಂದ ಬಿಗಿದು ಒಂದೇ ಎತ್ತರಕ್ಕೆ ನಿಲ್ಲಿಸುವುದು ರೂಢಿ. ಮನೆ ವೈರಿನ ಸಿಪ್ಪೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಹಳೆಯ ವೈರಿನಲ್ಲಿ ಅದು ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಅದಕ್ಕೇ ನಾನು ಬ್ಲೇಡನ್ನು ಒಂದು ತೋಳಿನ ಮೇಲೆ ಕೂರಿಸಿ, ಬೈಕ್ ಎಂಜಿನ್ನಿನ ವಾಲ್ವ್ ಸ್ಪ್ರಿಂಗಿನಿಂದ ಕೆಳಗೆ ಒತ್ತಿಸಿದೆ. ಜೊತೆಗೆ ಇಷ್ಟಕ್ಕಿಂತ ಇಳಿಯಬಾರದು ಎಂದು ತಡೆಯುವ ಬೋಲ್ಟ್ ಒಂದು. ಸ್ಪ್ರಿಂಗ್ ಏರಿಳಿತ ನೋಡಿಕೊಳ್ಳುತ್ತದೆ, ಬೋಲ್ಟ್ ತಾಮ್ರವನ್ನು ಕಾಯುತ್ತದೆ, ಅಂಚು ರೋಲರಿನ ಉಕ್ಕಿಗೆ ತಾಗುವುದನ್ನೂ ತಪ್ಪಿಸುತ್ತದೆ. ಸ್ಪ್ರಿಂಗ್ ಹಾಕಿದರೆ ಬ್ಲೇಡ್ ಕುಣಿಯುತ್ತದೆ ಎಂದು ಹೇಳಿದವರು ಬಂದು ನೋಡಲಿ.

ಆದರೆ ನನ್ನನ್ನು ಕೇಳಿದರೆ ಈ ಯಂತ್ರದ ಜೀವ ಬ್ಲೇಡಿನಲ್ಲಿಲ್ಲ, ಅದರ ಮುಂದಿನ ನಾಲ್ಕು ಇಂಚಿನಲ್ಲಿದೆ. ವೈರ್ ನೇರವಾಗಿ, ಗ್ರೂವಿನ ನಡುವಿಗೇ ಬಂದರೆ ಸಾಧಾರಣ ಬ್ಲೇಡೂ ಸೀಳುತ್ತದೆ. ಹಳೆಯ ಬೇರಿಂಗ್ ಐದನ್ನು ಮೇಲೊಂದು ಕೆಳಗೊಂದು ಎಂದು ಅಂಕುಡೊಂಕಾಗಿ ಕೂರಿಸಿ ಅವುಗಳ ನಡುವೆ ವೈರ್ ಹಾಯಿಸಿದೆ. ಸೊಟ್ಟ ಅಲ್ಲೇ ಮುಕ್ಕಾಲು ಪಾಲು ಹೋಗುತ್ತದೆ. ಆಮೇಲೆ ವೈರನ್ನು ಬ್ಲೇಡಿನ ಕೆಳಗೆ ನೇರ ತರುವ ಗೈಡ್. ದಪ್ಪ ಬೋಲ್ಟುಗಳಿಗೆ ಉದ್ದಕ್ಕೂ ತೂತು ಕೊರೆಸಿದ್ದೇನೆ, 4, 6, 8 ಮಿಲಿಮೀಟರಿನವು. ವೈರಿಗೆ ತಕ್ಕದ್ದನ್ನು ತಿರುಗಿಸಿ ಹಾಕುವುದು. ಗೈಡಿನ ತುದಿ ಬ್ಲೇಡಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು.

ಒಟ್ಟು ಖರ್ಚು, ನೆನಪಿನಿಂದ: ಗೇರಿನ ಲೆಕ್ಕ ಮೇಲೆ ಹೇಳಿದೆ. ಲೇಥ್ ಮತ್ತು ಗ್ರೈಂಡಿಂಗಿಗೆ ಮೂರು ಸಾವಿರ, ಶಾಫ್ಟ್ ಹಿಡಿಯುವ ಪಿ-204 ಬೇರಿಂಗ್ ನಾಲ್ಕಕ್ಕೆ ಸಾವಿರ, ಆಂಗಲ್ ಮತ್ತು ವೆಲ್ಡಿಂಗಿಗೆ ಒಂದೂವರೆ ಸಾವಿರ, ಚಿಲ್ಲರೆ ಸಾಮಾನಿಗೆ ಐನೂರು. ಮೋಟಾರ್ ಅಂಗಡಿಯದೇ. ಕೈಗೂಡಿದ ಯಂತ್ರಕ್ಕೆ ಎಂಟು ಸಾವಿರದೊಳಗೆ, ಕೈಗೂಡದವಕ್ಕೆ ಐದಾರು ಸಾವಿರ. ತಯಾರಾದ ಯಂತ್ರಕ್ಕೆ ನನಗೆ ಹೇಳಿದ್ದ ಬೆಲೆ ಇಪ್ಪತ್ತೈದು ಸಾವಿರ. ಮೊದಲ ಇನ್ನೂರು ಕಿಲೋ ವೈರಿನಲ್ಲೇ ನನ್ನ ದುಡ್ಡು ಪೂರ್ತಿ ವಾಪಸ್ಸು ಬಂತು. ಕರೆಂಟು ಗಂಟೆಗೆ ಅರ್ಧ ಯೂನಿಟ್.

ಯಾವ ವೈರ್ ಸುಲಿಯಬೇಕು, ಯಾವುದನ್ನು ಹಾಗೇ ಮಾರಬೇಕು ಎಂಬ ವಿವೇಕ ಇದ್ದರೆ ಮಾತ್ರ ಲಾಭ. ಎರಡೂವರೆ ಚದರ ಮಿಲಿಮೀಟರ್ ವೈರಿನಲ್ಲಿ ಮೀಟರಿಗೆ 22 ಗ್ರಾಂ ತಾಮ್ರ. ಎಡೆಬಿಡದೆ ಓಡಿಸಿದರೆ ಗಂಟೆಗೆ ಹದಿನೈದು ಕಿಲೋ ಬರಬೇಕು, ತುಂಡು ತುಂಡಾಗಿ ಕೊಡುವುದರಿಂದ ನನಗೆ ಆರೇಳು ಬರುತ್ತದೆ. ಒಂದು ಚದರ ಮಿಲಿಮೀಟರಿನದರಲ್ಲಿ ಮೀಟರಿಗೆ ಒಂಬತ್ತೇ ಗ್ರಾಂ. ಗಂಟೆಗೆ ಎರಡೂವರೆ ಕಿಲೋ ಸಿಕ್ಕರೆ ದೊಡ್ಡದು, ಆಳಿನ ಕೂಲಿ ಕಳೆದರೆ ಏನೂ ಉಳಿಯುವುದಿಲ್ಲ. ಅದನ್ನೂ ಟೆಲಿಫೋನ್ ವೈರನ್ನೂ ಸಿಪ್ಪೆ ಸಮೇತ ಮಾರುತ್ತೇನೆ. ಪಂಪಿನ ಚಪ್ಪಟೆ ಕೇಬಲ್ಲಿಗೆ ಎರಡು ಸಲ ಕೆಲಸ: ಮೊದಲು ಹೊರ ಹೊದಿಕೆ, ಆಮೇಲೆ ಒಳಗಿನ ವೈರ್ (ಕೋರ್) ಒಂದೊಂದೇ. ತಾಮ್ರ ದಪ್ಪವಾದ್ದರಿಂದ ಅದು ಗಿಟ್ಟುತ್ತದೆ.

ಇನ್ನು ಬಿಸಿಲಿನ ವಿಷಯ. ಚಳಿಗಾಲದ ಬೆಳಗ್ಗೆ ಪಿವಿಸಿ ಬಿರುಸಾಗಿ, ಸೀಳಿದರೂ ತಾಮ್ರವನ್ನು ಬಿಡುವುದಿಲ್ಲ. ಅದೇ ವೈರನ್ನು ತಗಡಿನ ಮೇಲೆ ಹರಡಿ ಮಧ್ಯಾಹ್ನದವರೆಗೆ ಬಿಸಿಲಿಗೆ ಇಟ್ಟರೆ ಸಿಪ್ಪೆ ಬೆರಳಿಗೇ ಬಿಟ್ಟುಕೊಳ್ಳುತ್ತದೆ. ಬಿಸಿನೀರಿನಲ್ಲಿ ಅದ್ದಿಯೂ ನೋಡಿದೆ. ಕೆಲಸ ಆಗುತ್ತದೆ, ಆದರೆ ಎಳೆಗಳ ನಡುವೆ ನೀರು ಸೇರಿ ತಾಮ್ರ ಮಾಸುತ್ತದೆ, ತೂಕದಲ್ಲೂ ಜಗಳ. ಬಿಸಿಲೇ ಸಾಕು, ಮಂಡ್ಯದಲ್ಲಿ ಅದಕ್ಕೆ ಬರವಿಲ್ಲ. ಸಬ್‌ಮರ್ಸಿಬಲ್ ಮೋಟಾರಿನ ಪಿವಿಸಿ ಹೊದಿಕೆಯ ವೈಂಡಿಂಗ್ ವೈರಿಗೆ ಬೇರೆಯೇ ಉಪಾಯ ಬೇಕಾಯಿತು. ಸ್ಲಾಟಿನಿಂದ ಕೊಯ್ದು ತೆಗೆದ ತುಂಡುಗಳು ಗಿಡ್ಡ, ಹೊದಿಕೆ ಬಹಳ ತೆಳು. ಯಂತ್ರದ ಬ್ಲೇಡ್ ಅದಕ್ಕೆ ಒರಟು. ಪಕ್ಕದಲ್ಲಿ ಕೈಯಿಂದ ಎಳೆಯುವ ಸಣ್ಣ ಸಾಧನ ಮಾಡಿದ್ದೇನೆ, ಅದು ಸುಧಾರಿಸುತ್ತಿದೆ, ಪೂರ್ತಿಯಾದ ಮೇಲೆ ಬರೆಯುತ್ತೇನೆ. ಸಿಪ್ಪೆಯ ಬದಲು ವಾರ್ನಿಶ್‌ನಂಥ ಲೇಪವಿರುವ ಎನಾಮಲ್ ವೈರಿಗೆ ಇದಾವುದೂ ನಡೆಯುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಜಿಲ್ಲೆಯ ರೈತರ ಪಂಪ್‌ಸೆಟ್ಟಿನ ಕೇಬಲ್ ರಾತ್ರೋರಾತ್ರಿ ಕಳುವಾಗುತ್ತದೆ. ಕೇಬಲ್ ಹೋದ ರೈತ ನಾಟಿಯ ಹೊತ್ತಿನಲ್ಲಿ ಸಾಲ ಮಾಡಿ ಹೊಸದು ತರುವುದನ್ನು ನಾನು ಅಂಗಡಿಯಲ್ಲಿ ಕೂತು ನೋಡುತ್ತೇನೆ. ಯಂತ್ರ ಇದೆಯೆಂದು ತಿಳಿದ ಮೇಲೆ ಗುರುತಿಲ್ಲದವರು ಚೀಲ ಹೊತ್ತು ಬರತೊಡಗಿದರು. ಯಾವ ಬಾವಿಯದು, ಯಾರದು, ಹೊಸ ಕೇಬಲ್ ಹಾಕಿದ ಮೆಕ್ಯಾನಿಕ್ ಯಾರು ಎಂದು ಕೇಳುತ್ತೇನೆ, ಪುಸ್ತಕದಲ್ಲಿ ಬರೆಯುತ್ತೇನೆ. ಉತ್ತರ ತಡವರಿಸಿದರೆ ಚೀಲ ತೂಗುವುದೇ ಇಲ್ಲ. ಯಂತ್ರ ಕಟ್ಟುವ ಪ್ರತಿಯೊಬ್ಬರೂ ಇದನ್ನು ಪಾಲಿಸಬೇಕು.

ಕಟ್ಟುವವರಿಗೆ ಇನ್ನೆರಡು ಸೂಚನೆ. ಕೈಗವಸು ಹಾಕಿಕೊಂಡು ರೋಲರಿನ ಹತ್ತಿರ ಕೈ ಒಯ್ಯಬೇಡಿ, ಅದು ಬಟ್ಟೆಯನ್ನು ಹಿಡಿದರೆ ಬೆರಳನ್ನೂ ಎಳೆಯುತ್ತದೆ. ಗೇರಿಗೆ ತಗಡಿನ ಮುಚ್ಚಳ, ಸ್ವಿಚ್ಚು ಕಾಲಿನಿಂದ ಒತ್ತುವಂಥದ್ದು, ಕಾಲು ತೆಗೆದ ಕೂಡಲೇ ಯಂತ್ರ ನಿಲ್ಲಬೇಕು. ಲೇಥಿನವರಿಗೆ ಕೊಡಲು ಅಳತೆ ಬೇಕಿದ್ದವರು ಹೀಗೆ ಹೇಳಿ: ಶಾಫ್ಟ್ ಬೇರಿಂಗಿಗೆ ಕೂರುವಲ್ಲಿ 20 ಮಿಲಿಮೀಟರ್, ರೋಲರ್ 60, ಗ್ರೂವಿನ ಆಳ ಒಂದೂವರೆ, ಎರಡೂವರೆ ಮತ್ತು ನಾಲ್ಕು. ನರ್ಲಿಂಗ್ ಬೇಡ ಎಂದು ಮೊದಲೇ ತಿಳಿಸಿ, ಕೇಳದಿದ್ದರೂ ಹಾಕಿಬಿಡುತ್ತಾರೆ.