ಗಣಿ ಮುಚ್ಚೋದು ಹೇಗೆ: ಸಂಡೂರು, ಹೊಸಪೇಟೆ ಕಡೆ ಗಣಿಯಲ್ಲಿ ಕೆಲಸ ಮಾಡೋರಿಗೂ ಪಂಚಾಯ್ತಿಯವರಿಗೂ

ಗಣಿ ಮುಚ್ಚೋದು ಅಂದ್ರೆ ಅದಿರು ಮುಗಿದ ಮೇಲೆ ಮಷಿನ್ ಸಾಗಿಸಿ ಗೇಟಿಗೆ ಬೀಗ ಹಾಕೋದು ಅಂತ ಇನ್ನೂ ಬಹಳ ಜನ ಅಂದ್ಕೊಂಡಿದ್ದಾರೆ. ಹಂಗೆ ಮಾಡಿದ್ರೆ ಏನಾಗುತ್ತೆ ಅಂತ ಕೆಜಿಎಫ್‌ಗೆ ಹೋದ್ರೆ ಕಾಣುತ್ತೆ. 2001ರ ಫೆಬ್ರವರಿ 28ಕ್ಕೆ ಅಲ್ಲಿ ಕೆಲಸ ನಿಂತಿತು, 3 ಕಿಲೋಮೀಟರ್ ಆಳದವರೆಗೆ ಇಳಿದಿದ್ದ ಗಣಿಯಲ್ಲಿ ನೀರು ತುಂಬ್ಕೊಂತು, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರ ಮಗ್ಗುಲಲ್ಲೇ ಉಳಿದವು, ಬೇಸಿಗೆ ಗಾಳಿ ಎದ್ರೆ ಆ ಧೂಳು ಮನೆ ಒಳಗೆ ಬರುತ್ತೆ, ಕೆಲಸ ಹೋದ ಮನೆಗಳಿಂದ ಜನ ನಸುಕಲ್ಲೇ ಟ್ರೇನ್ ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ.

ಅದಕ್ಕೇ ಹೇಳೋದು, ಮುಚ್ಚೋ ಕೆಲಸ ಗಣಿ ತೆರೆದ ದಿನವೇ ಶುರುವಾಗಬೇಕು. ಕಾನೂನೂ ಅದನ್ನೇ ಹೇಳುತ್ತೆ. ಕಬ್ಬಿಣದ ಅದಿರಿನಂಥ ದೊಡ್ಡ ಖನಿಜಗಳಿಗೆ ಮೈನಿಂಗ್ ಪ್ಲಾನ್ ಜೊತೆಗೇ ಪ್ರೊಗ್ರೆಸಿವ್ ಕ್ಲೋಶರ್ ಪ್ಲಾನ್, ಅಂದ್ರೆ ಗಣಿ ನಡೀತಿರುವಾಗಲೇ ಹಂತ ಹಂತವಾಗಿ ಮುಚ್ಚೋ ಯೋಜನೆ ಇರಬೇಕು, 5 ವರ್ಷಕ್ಕೊಮ್ಮೆ ಅದನ್ನ ಪರಿಶೀಲಿಸಬೇಕು, ಗಣಿ ಮುಚ್ಚೋಕೆ ಕನಿಷ್ಠ 2 ವರ್ಷ ಮೊದಲೇ ಫೈನಲ್ ಪ್ಲಾನ್ ಐಬಿಎಂಗೆ, ಅಂದ್ರೆ ಭಾರತೀಯ ಗಣಿ ಬ್ಯೂರೋಗೆ ಕೊಡಬೇಕು. (ಕಲ್ಲು ಕ್ವಾರಿಗಳ ಲೆಕ್ಕ ಬೇರೆ, ಅದು ರಾಜ್ಯದ ನಿಯಮದಲ್ಲಿ ಬರುತ್ತೆ.)

ಮೊದಲನೇ ಕೆಲಸ ಮೇಲ್ಮಣ್ಣು. ಹಿಟಾಚಿ ಇಳಿಸೋ ಮೊದಲು ಮೇಲಿನ ಆ ಒಂದಡಿ ಮಣ್ಣನ್ನ ಬೇರೆ ಕೆತ್ತಿ ಬೇರೆ ಜಾಗದಲ್ಲಿ ಹಾಕಿ, ತೀರಾ ಎತ್ತರಕ್ಕೆ ಒಟ್ಟಬೇಡಿ, ಮೇಲೆ ಹುರುಳಿನೋ ಸೆಣಬೋ ಚೆಲ್ಲಿ ಜೀವಂತ ಇಡಿ. ಅದನ್ನ ಡಂಪಿನ, ಅಂದ್ರೆ ಅದಿರಿಲ್ಲದ್ದನ್ನ ತಂದು ಸುರಿಯೋ ರಾಶಿಯ, ಕಲ್ಲುಮಣ್ಣಿನ ಜೊತೆ ಒಮ್ಮೆ ಕಲಸಿಬಿಟ್ರೆ ಮುಂದೆ ಎಷ್ಟು ದುಡ್ಡು ಸುರಿದ್ರೂ ವಾಪಸ್ ಬರಲ್ಲ, ಈ ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ.

ಆಮೇಲೆ ಡಂಪು. ಟಿಪ್ಪರ್ ಸುರಿದಂಗೇ ಬಿಟ್ಟ ರಾಶಿ ಕಡಿದಾಗಿ ನಿಲ್ಲುತ್ತೆ, ಮೊದಲ ಜೋರು ಮಳೆಗೇ ಸೀಳು ಬಿಡುತ್ತೆ. ಮೆಟ್ಟಿಲಿನ ಥರ ಬೆಂಚು ಕಟ್ಟಿ ಒಟ್ಟಾರೆ ಇಳಿಜಾರು 28 ಡಿಗ್ರಿ ಒಳಗೆ ತನ್ನಿ, ಪ್ರತಿ ಬೆಂಚೂ ಸ್ವಲ್ಪ ಒಳಕ್ಕೆ ವಾಲಿರಲಿ, ಇಲ್ಲಾಂದ್ರೆ ನೀರೆಲ್ಲ ಅಂಚಿನಿಂದ ಧುಮುಕುತ್ತೆ. ಬುಡದಲ್ಲಿ ಕಲ್ಲಿನ ತಡೆಗೋಡೆ, ಅದರ ಹೊರಗೆ ಸುತ್ತಲೂ ಚರಂಡಿ, ಚರಂಡಿ ಹೋಗಿ ಸೇರೋ ಕಡೆ ಹೂಳು ನಿಲ್ಲೋ ಹೊಂಡ, ಅಲ್ಲಿಂದ ಕೆಳಗೆ ಹಳ್ಳಕ್ಕೆ ಸಾಲಾಗಿ ಚೆಕ್ ಡ್ಯಾಮ್. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆದು ಮೊದಲ ಮಳೆಗೆ ಸ್ಟೈಲೋ ಅನ್ನೋ ಮೇವಿನ ಬೀಜ ಚೆಲ್ಲಿ, ಅದು ಹಿಡಿದ ಮೇಲೆ ಹೊಂಗೆ, ಬೇವು, ಕಮರ ಇಂಥ ಈ ನೆಲದ್ದೇ ಗಿಡ ಹಾಕಿ. ಬರೀ ನೀಲಗಿರಿ, ಅಕೇಶಿಯಾ ನೆಟ್ಟು ದೂರದಿಂದ ಹಸಿರು ಕಂಡ್ರೆ ಸಾಕು ಅನ್ನೋದು ನನಗಂತೂ ಒಪ್ಪಿಗೆ ಇಲ್ಲ.

ಇದೆಲ್ಲ ಆಗದ ಕೆಲಸ ಅನ್ನೋರಿಗೆ ನಮ್ಮ ಜಿಲ್ಲೆಯದೇ ಉತ್ತರ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಒಂದೊಂದು ಗಣಿಗೂ ಆರ್ ಅಂಡ್ ಆರ್ ಪ್ಲಾನ್, ಅಂದ್ರೆ ಕೆಟ್ಟ ನೆಲ ಸರಿಪಡಿಸೋ ಯೋಜನೆ ಮಾಡಿಸಿ, ಅದನ್ನ ಜಾರಿ ಮಾಡೋ ಷರತ್ತಿನ ಮೇಲೇ ಮತ್ತೆ ಶುರು ಮಾಡೋಕೆ ಬಿಟ್ರು, ತೀರಾ ಅಕ್ರಮ ಮಾಡಿದ ಸಿ ಕೆಟಗರಿ ಲೀಸ್‌ಗಳು ರದ್ದೇ ಆದವು. ಗೋಡೆ, ಚರಂಡಿ, ಚೆಕ್ ಡ್ಯಾಮ್ ಕಟ್ಟೋಕೆ ಆಗುತ್ತೆ ಅಂತ ಆಗಲೇ ಗೊತ್ತಾಯ್ತು.

ಇನ್ನು ನಿಗಾ. ಪಂಚಾಯ್ತಿಯವರು ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಮೇ ತಿಂಗಳಲ್ಲಿ ಒಮ್ಮೆ ಚೆಕ್ ಡ್ಯಾಮ್ ಹತ್ರ ಹೋಗಿ ಹೂಳು ತೆಗೆದಿದ್ದಾರಾ ನೋಡಿ, ಒಂದು ಕಬ್ಬಿಣದ ಪೈಪಿಗೆ ಅಡಿ ಅಡಿಗೆ ಪೇಂಟಲ್ಲಿ ಗೆರೆ ಎಳೆದು ಅಲ್ಲೇ ನೆಡಿಸಿ, ಮಳೆಗಾಲ ಮುಗಿದ ಮೇಲೆ ಹೂಳು ಎಷ್ಟನೇ ಗೆರೆವರೆಗೆ ಬಂದಿದೆ ಬರ್ಕೊಳ್ಳಿ. ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಾ ಬಂದ್ರೆ ಡಂಪು ಕೂತಿದೆ ಅಂತ, ಏರ್ತಾ ಹೋದ್ರೆ ಮೇಲೆ ಎಲ್ಲೋ ಕೊರೀತಿದೆ, ಹತ್ತಿ ನೋಡಲೇಬೇಕು. ಜೋರು ಮಳೆ ಆದ ಮರುದಿನ ಒಂದೇ ಜಾಗದಲ್ಲಿ ನಿಂತು ಹಳ್ಳದ ಫೋಟೋ ತೆಗೀರಿ, ಊರಿನ ಬೋರ್ ನೀರು ಮಳೆಗಾಲದ ಮುಂಚೆ ಒಮ್ಮೆ ಆಮೇಲೊಮ್ಮೆ ಟೆಸ್ಟ್ ಮಾಡಿಸಿ. ಗಿಡಗಳನ್ನ ನೆಟ್ಟ ವರ್ಷ ಎಣಿಸಬೇಡಿ, ಎರಡನೇ ಬೇಸಿಗೆ ಕಳೆದ ಮೇಲೆ ಬದುಕಿರೋದನ್ನ ಎಣಿಸಿ. ಕಂಪನಿ 6 ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಪರಿಸರ ಅನುಮತಿಯ ಷರತ್ತು ಪಾಲಿಸಿದ ವರದಿ ಕೊಡಬೇಕು, ಅದರಲ್ಲಿ ಬರೆದಿರೋದನ್ನ ನಿಮ್ಮ ಪುಸ್ತಕದ ಜೊತೆ ಇಟ್ಟು ಹೋಲಿಸಿ.

ಜನರ ಬಗ್ಗೆ ಪ್ಲಾನಲ್ಲಿ ಸಾಮಾನ್ಯವಾಗಿ ಎರಡು ಸಾಲು ಬರೆದು ಮುಗಿಸಿರ್ತಾರೆ. ಮುಚ್ಚೋಕೆ 5 ವರ್ಷ ಇರುವಾಗಲೇ ಡ್ರೈವರ್, ಆಪರೇಟರ್, ಕೂಲಿಯವರು, ಗೇಟ್ ಮುಂದಿನ ಹೋಟೆಲ್‌ನವರು ಎಷ್ಟು ಜನ ಇದ್ದಾರೆ ಅಂತ ಪಟ್ಟಿ ಮಾಡಿಸಿ, ಜಿಲ್ಲಾ ಖನಿಜ ನಿಧಿ ದುಡ್ಡು ಸಿಸಿ ರಸ್ತೆಗೆ ಮುಗಿಯೋ ಮೊದಲು ಇವರ ತರಬೇತಿಗೆ ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.

ಕೊನೆಗೆ ಬ್ಯಾಂಕ್ ಗ್ಯಾರಂಟಿ, ಅಂದ್ರೆ ಗಣಿ ಸರಿಯಾಗಿ ಮುಚ್ತೀವಿ ಅಂತ ಕಂಪನಿ ಕೊಡೋ ಭದ್ರತೆ. 2021ರ ತಿದ್ದುಪಡಿ ಪ್ರಕಾರ ಎ ಕೆಟಗರಿ (ಮಷಿನ್ ಅಥವಾ ಜನ ಹೆಚ್ಚಿರೋ ದೊಡ್ಡ ಗಣಿ) ಆದ್ರೆ ಗಣಿಗೆ ಬಳಸಿದ ಪ್ರತಿ ಹೆಕ್ಟೇರಿಗೆ 5 ಲಕ್ಷ, ಬಿ ಕೆಟಗರಿ (ಉಳಿದವು) ಆದ್ರೆ 3 ಲಕ್ಷ, ಮೇಲೆ ಹೇಳಿದ ಕೋರ್ಟಿನ ಸಿ ಕೆಟಗರಿಗೂ ಇದಕ್ಕೂ ಸಂಬಂಧ ಇಲ್ಲ, ಮುಚ್ಚೋ ಕೆಲಸ ಮಾಡದಿದ್ರೆ ಸರ್ಕಾರ ಆ ದುಡ್ಡು ಮುಟ್ಟುಗೋಲು ಹಾಕ್ಕೋಬಹುದು. ಅದನ್ನ ಬಿಡುಗಡೆ ಮಾಡೋ ಮುಂಚೆ ಐಬಿಎಂ ಬೆಂಗಳೂರು ಕಚೇರಿಗೆ ನಿಮ್ಮ ಹೂಳಿನ ಲೆಕ್ಕ, ಫೋಟೋ, ನೀರಿನ ರಿಪೋರ್ಟ್ ಎಲ್ಲದರ ಪ್ರತಿ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಪಂಚಾಯ್ತಿ ಫೈಲಲ್ಲಿ ಇಟ್ಕೊಳ್ಳಿ.