ಬೇಸ್ ಸಾಲದೆ? ಗುಂಡಿ ಬಿಡಿ, ಸ್ಪೀಕರ್ ಸರಿಸಿ

ಹಾಡಿನ ಬೇಸ್, ಅಂದರೆ ತಗ್ಗು ಸ್ವರಗಳ ಸದ್ದು, ಸಾಲದು ಅನ್ನಿಸಿದ ಕೂಡಲೇ ಎಲ್ಲರ ಕೈಯೂ ಆಂಪ್ಲಿಫೈಯರ್‌ನ ಬೇಸ್ ಗುಂಡಿಗೇ ಹೋಗುತ್ತದೆ. ಗೆಳೆಯರು ಕರೆದಾಗ ನಾನು ಆ ಗುಂಡಿಯನ್ನು ಸೊನ್ನೆಗೆ ತಂದಿಟ್ಟು, ಟಾರ್ಚ್ ಹಿಡಿದು ಸ್ಪೀಕರ್ ಹಿಂದೆ ಬಗ್ಗುತ್ತೇನೆ.

ಮೊದಲು ವೈರ್ ನೋಡಿ. ಆಂಪ್‌ನ ಕೆಂಪು ಸ್ಪೀಕರ್‌ನ ಕೆಂಪಿಗೆ, ಕಪ್ಪು ಕಪ್ಪಿಗೇ ಹೋಗಿರಬೇಕು, ಎರಡೂ ಕಡೆ. ಒಂದರಲ್ಲಿ ಅದಲುಬದಲಾಗಿದ್ದರೆ ಒಂದು ಕೋನ್ (ಸ್ಪೀಕರ್‌ನಲ್ಲಿ ಅದುರುವ ಭಾಗ) ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು, ಬೇಸನ್ನು ಪರಸ್ಪರ ನುಂಗಿಹಾಕುತ್ತವೆ. ಅನುಮಾನವಿದ್ದರೆ ಆಂಪ್ ಆಫ್ ಮಾಡಿ, ಒಂದೇ ಸ್ಪೀಕರ್‌ನ ವೈರ್ ತಿರುಗಿಸಿ, ಅದೇ ಹಾಡು ಕೇಳಿ. ಬೇಸ್ ತುಂಬಿಕೊಂಡು ಬಂದ ಜೋಡಣೆಯೇ ಸರಿ.

ವೈರ್ ಸರಿಯಿದ್ದರೆ ಕಿತಾಪತಿ ಕೋಣೆಯದು. 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಜ್ (ಸೆಕೆಂಡಿಗೆ 43 ಸಲ ಅದುರುವ) ಆಸುಪಾಸಿನ ಸದ್ದು ಎರಡು ಗೋಡೆಗಳ ನಡುವೆ ಪುಟಿದು ನಿಂತ ಅಲೆಯಾಗುತ್ತದೆ. ಗೋಡೆ ಪಕ್ಕದಲ್ಲಿ ಗುಡುಗು, ನಟ್ಟನಡುವೆ ಏನೂ ಇಲ್ಲ. ಸೋಫಾ ಇರುವುದು ಆ ನಡುವಿನಲ್ಲೇ ಆದರೆ ಎಷ್ಟು ಬೇಸ್ ಏರಿಸಿದರೂ ಆ ಹಳ್ಳ ತುಂಬುವುದಿಲ್ಲ. ಒಂದೆರಡು ಅಡಿ ಹಿಂದಕ್ಕೆ ಸರಿಸಿ ನೋಡಿ. ಹಾಗೆಂದು ತಲೆ ಹಿಂಗೋಡೆಗೆ ತಾಗುವಷ್ಟು ಹೋದರೆ ಬೇಸ್ ಅತಿಯಾಗುತ್ತದೆ.

ಸ್ಪೀಕರನ್ನು ಗೋಡೆಗೆ ಹತ್ತಿರ ತಂದಷ್ಟೂ ಬೇಸ್ ಹೆಚ್ಚುತ್ತದೆ, ಮೂಲೆಯಲ್ಲಂತೂ ಇನ್ನೂ ಜೋರು. ಆದರೆ ಮೂಲೆಯ ಬೇಸ್ ಬಹುತೇಕ ಎಲ್ಲ ಹಾಡಿನಲ್ಲೂ ಒಂದೇ ಸ್ವರ ಗುಂಯ್ಗುಡುತ್ತದೆ. ನನಗದು ಸೇರದು. ಗೋಡೆಯಿಂದ 1 ಮೀಟರ್ ದೂರವಿಟ್ಟರೆ ಇನ್ನೊಂದು ತಾಪತ್ರಯ: ಗೋಡೆಗೆ ಬಡಿದು ಮರಳಿದ ಅಲೆ 86 ಹರ್ಟ್ಜ್ ಸುತ್ತಮುತ್ತ ನೇರ ಅಲೆಯನ್ನು ಕೊಲ್ಲುತ್ತದೆ. ಕೈಯಗಲ ಕೈಯಗಲ ಸರಿಸುತ್ತ, ಗೊತ್ತಿರುವ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ. ಬೇಸ್ ಗಿಟಾರ್‌ನ ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳಿದ ಜಾಗದಲ್ಲಿ ನಿಲ್ಲಿಸಿ, ನೆಲಕ್ಕೆ ಟೇಪ್ ಅಂಟಿಸಿಬಿಡಿ. ಕಸ ಗುಡಿಸುವವರು ಸರಿಸುವುದು ಖಂಡಿತ.

ಬೇಸ್‌ಗೆಂದೇ ಇರುವ ಪ್ರತ್ಯೇಕ ಸ್ಪೀಕರ್, ಅಂದರೆ ಸಬ್‌ವೂಫರ್, ಇದ್ದವರು ಸ್ವಲ್ಪ ಮರ್ಯಾದೆ ಬಿಡಬೇಕು. ಸಬ್ಬನ್ನು ನೀವು ಕೂರುವ ಜಾಗದಲ್ಲೇ ಇಡಿ, ಬೇಸ್ ತುಂಬಿದ ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಕ್ಕಿ. ಕಿವಿ ಸಬ್ ಎತ್ತರದಲ್ಲೇ ಇರಲಿ. ಎಲ್ಲಿ ಎಲ್ಲ ಸ್ವರವೂ ಸಮವಾಗಿ ಕೇಳುತ್ತದೋ ಸಬ್ಬಿಗೆ ಅದೇ ಜಾಗ. ಕ್ರಾಸ್‌ಓವರ್ (ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್ಬಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್‌ನಿಂದ ಶುರುಮಾಡಿ. ಸಬ್ಬಿನ ಅಲೆಯನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ಚನ್ನು 0ಗೂ 180ಕ್ಕೂ ಹಾಕಿ ನೋಡಿ, ಕೂತಲ್ಲಿಂದ ಯಾವುದು ಹೆಚ್ಚು ಗಟ್ಟಿಯೋ ಅದನ್ನಿಡಿ. ಸದ್ದು ಸಬ್ಬಿನಿಂದ ಬರುತ್ತಿದೆ ಅಂತ ಗೊತ್ತಾಗುತ್ತಿದ್ದರೆ ವಾಲ್ಯೂಮ್ ಜಾಸ್ತಿಯಾಗಿದೆ.

ಇಷ್ಟಾದ ಮೇಲೆ ಬೇಕಿದ್ದರೆ ಗುಂಡಿ ಮುಟ್ಟಿ. 3 ಡೆಸಿಬೆಲ್ ಏರಿಸಿದರೆ ಆಂಪ್ ಆ ಸ್ವರಗಳಿಗೆ ಎರಡು ಪಟ್ಟು ಪವರ್ ಕೊಡಬೇಕು, 10 ಏರಿಸಿದರೆ ಹತ್ತು ಪಟ್ಟು. ರಾತ್ರಿ ಮೆಲ್ಲಗೆ ಕೇಳುವಾಗ ಮಾತ್ರ ಬೇಸ್ ಏರಿಸಲು ನನ್ನ ಅಡ್ಡಿಯಿಲ್ಲ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೇ ಬೇಸ್ ಸರಿಯಾಗಿ ಕೇಳುವುದಿಲ್ಲ. ಲೌಡ್‌ನೆಸ್ ಬಟನ್ ಇರುವುದೇ ಅದಕ್ಕೆ. ಹಗಲು ಜೋರಾಗಿ ಹಾಕುವ ಮೊದಲು ಅದನ್ನು ಆಫ್ ಮಾಡಿ.