ಧಾರವಾಡದ ಠೇವಣಿ, ಅಮೆರಿಕದ ವಿಳಾಸ: ನನ್ನ ಅನುಭವ

ಪತಿಯ ಜೊತೆ ಎಚ್-4 (ಅವಲಂಬಿತರ) ವೀಸಾದಲ್ಲಿ ಅಮೆರಿಕಕ್ಕೆ ಬಂದ ಮೇಲೆ, ಧಾರವಾಡದ ಸಪ್ತಾಪುರದಲ್ಲಿದ್ದ ನನ್ನ ಬ್ಯಾಂಕ್ ಖಾತೆಯನ್ನು ನಿಯಮದಂತೆ ಎನ್‌ಆರ್‌ಒ (ಅನಿವಾಸಿಗಳ ಸಾಮಾನ್ಯ ಖಾತೆ) ಮಾಡಿಸಿದೆ. ಠೇವಣಿಯ ಬಡ್ಡಿಯಲ್ಲಿ ಶೇ 31.2ರಷ್ಟು ತೆರಿಗೆ ಕಡಿತವಾಗತೊಡಗಿತು. ತೆರಿಗೆ ಕಡಿತ ಬೇಡವೆಂದು ಊರಿನಲ್ಲಿದ್ದಾಗ ಕೊಡುತ್ತಿದ್ದ 15ಜಿ ನಮೂನೆ ಅನಿವಾಸಿಗಳಿಗೆ ಅನ್ವಯಿಸುವುದಿಲ್ಲ.

ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಬಡ್ಡಿಗೆ ಶೇ 15 ಸಾಕು. ಆದರೆ ಬ್ಯಾಂಕಿಗೆ ನಮೂನೆ 10ಎಫ್ (ಒಪ್ಪಂದದ ಲಾಭ ಪಡೆಯಲು ಕೊಡುವ ಘೋಷಣೆ) ಜೊತೆ ಅಮೆರಿಕದ ತೆರಿಗೆ ನಿವಾಸಿ ಪ್ರಮಾಣಪತ್ರ, ಅಂದರೆ ನಮೂನೆ 6166 ಬೇಕಿತ್ತು. ಆ ಪ್ರಮಾಣಪತ್ರಕ್ಕೆ ಅಮೆರಿಕದ ತೆರಿಗೆ ಸಂಖ್ಯೆ ಬೇಕು. ಕೆಲಸದ ಪರವಾನಗಿ ಇಲ್ಲದ ನನಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗದು. ಹಾಗಾಗಿ ಪತಿಯೊಂದಿಗಿನ ಅಮೆರಿಕದ ಜಂಟಿ ತೆರಿಗೆ ರಿಟರ್ನ್‌ಗೆ ಡಬ್ಲ್ಯು-7 ಅರ್ಜಿ ಲಗತ್ತಿಸಿ ಐಟಿಐಎನ್ (ಆ ಸಂಖ್ಯೆ ಸಿಗದವರಿಗೆ ಕೊಡುವ ತೆರಿಗೆ ಸಂಖ್ಯೆ) ಪಡೆದೆ. ಅರ್ಜಿಯ ಜೊತೆ ಮೂಲ ಪಾಸ್‌ಪೋರ್ಟನ್ನು ಅಂಚೆಗೆ ಹಾಕಲು ಯಾರಿಗೆ ಧೈರ್ಯ? ಅರ್ಜಿ ದೃಢೀಕರಿಸುವ ಅಧಿಕೃತ ಏಜೆಂಟರಿಗೆ ತೋರಿಸಿದೆ. ಅವರು ಪರಿಶೀಲಿಸಿ ಅಲ್ಲೇ ಕೈಗೆ ಮರಳಿಸಿದರು. ಶುಲ್ಕ ತೆತ್ತದ್ದು ಸಾರ್ಥಕ.

ಅಷ್ಟರಲ್ಲಿ ಕಡಿತವಾಗಿದ್ದ ಹಣ? ಭಾರತದಲ್ಲಿ ನನಗಿದ್ದದ್ದು ಆ ಬಡ್ಡಿಯೊಂದೇ, ಅದೂ ತೆರಿಗೆ ಮಿತಿಗಿಂತ ಕಡಿಮೆ. ಭಾರತದ ಆದಾಯ ತೆರಿಗೆ ರಿಟರ್ನ್ ನಮೂನೆ ಐಟಿಆರ್-2 ಸಲ್ಲಿಸಿದೆ, ಹಣ ಎನ್‌ಆರ್‌ಒ ಖಾತೆಗೇ ಬಂತು. ಅನಿವಾಸಿಗಳಿಗೆ ಐಟಿಆರ್-1 ಇಲ್ಲ.

ಇನ್ನೊಂದು ವಿಷಯ: ಜಂಟಿ ರಿಟರ್ನ್‌ನಲ್ಲಿ ಧಾರವಾಡದ ಬಡ್ಡಿಯನ್ನೂ ತೋರಿಸಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ (ಅಮೆರಿಕ ಸರ್ಕಾರಕ್ಕೆ ಕೊಡುವ ವಿದೇಶಿ ಖಾತೆಗಳ ವರದಿ) ಕಡ್ಡಾಯ.